ಅಗಸಿಯಲ್ಲಿ ಮಡಚಿಟ್ಟ ಮಾತು

ಮಧ್ಯಾಹ್ನ ಊಟಕ್ಕೆ ಎದ್ದು ಹೋಗುವಾಗ ಆ ಮಾತಿನ ಪಕ್ಕದಲ್ಲಿದ್ದ ಸಂಖ್ಯೆ ಹನ್ನೊಂದು. ತಿರುಗಿ ಬಂದು ಕೂತಾಗ ಹತ್ತೊಂಬತ್ತು. ಪುಷ್ಪಲತಾ ಪುಟವನ್ನು ಮತ್ತೊಮ್ಮೆ ತೆರೆದಳು. ಕಂಪ್ಯೂಟರಿನ ಪರದೆಯಲ್ಲಿ ಅದು ಮೇಲಿನಿಂದ ಒಂದೊಂದೇ ಸಾಲಾಗಿ, ಸುರುಳಿ ಸುತ್ತಿಟ್ಟ ಚಾಪೆ ಬಿಚ್ಚಿದ ಹಾಗೆ ಇಳಿಯಿತು. ಇಪ್ಪತ್ತೆರಡು.

‘ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ಬೋರಿನ ಮೋಟಾರು ಸುತ್ತಿಕೊಡೋ ಅಂಗಡಿ ಐತಲ್ಲ, ಅಲ್ಲಿ ತಾಮ್ರ ಅಂತ ಹೇಳಿ ಅಲ್ಯೂಮಿನಿಯಂ ತಂತಿ ಸುತ್ತತಾರ. ನಮ್ಮದು ಎರಡು ಸಲ ಸುಟ್ಟಿತು. ನೋಡಿಕೊಂಡು ಕೊಡ್ರಿ.’

ಬರೆದವರ ಹೆಸರು ‘ಒಗ್ಗರಣಿ’. ಗಂಡಸೋ ಹೆಂಗಸೋ, ಯಾವ ಊರೋ, ಒಂದೂ ಗೊತ್ತಿಲ್ಲ. ಆದರೆ ಬಸ್‌ಸ್ಟ್ಯಾಂಡಿನ ಹಿಂದೆ ಅಂಥ ಅಂಗಡಿ ಇದ್ದದ್ದು ಒಂದೇ, ಅದು ಅವಳ ಗಂಡ ಕೊಟ್ರಸ್ವಾಮಿಯದು.

‘ಅಗಸಿ’ ಒಂದು ವೆಬ್‌ಸೈಟು. ಹರಪನಹಳ್ಳಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಸೋಮಶೇಖರ್ ಅದನ್ನು ಕಟ್ಟಿದ್ದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಜನ ಊರಿನ ಅಗಸಿ ಬಾಗಿಲಲ್ಲಿ ಕೂತು ಆಡುವ ಮಾತನ್ನು ಇಲ್ಲಿ ಬರೆದು ಆಡಲಿ ಎಂಬುದು ಅವನ ಆಸೆ. ಬರೆದ ಪ್ರತಿಯೊಂದು ಮಾತಿನ ಪಕ್ಕ ಎರಡು ಬಾಣ, ಮೇಲಕ್ಕೊಂದು ಕೆಳಕ್ಕೊಂದು. ಓದಿದವರು ಯಾವುದಾದರೂ ಒಂದನ್ನು ಒತ್ತಬಹುದು. ಮೇಲಿನ ಬಾಣ ಹೆಚ್ಚು ಬಿದ್ದ ಮಾತು ಪುಟದ ನೆತ್ತಿಗೆ ಏರುತ್ತದೆ. ಲೆಕ್ಕ ಮೈನಸ್ ಹತ್ತಕ್ಕಿಂತ ಕೆಳಗಿಳಿದರೆ ಆ ಮಾತು, ಅದಕ್ಕೆ ಬಂದ ಉತ್ತರಗಳ ಸಮೇತ, ಮಡಚಿಕೊಂಡು ಒಂದು ಬೂದು ಗೆರೆಯಾಗುತ್ತದೆ. ಗೆರೆಯ ಮೇಲೆ ‘ಈ ಮಾತನ್ನು ಅಗಸಿಯವರು ಕೆಳಗಿಟ್ಟಿದ್ದಾರೆ’ ಎಂದಿರುತ್ತದೆ. ಗೆರೆಯನ್ನು ಒತ್ತಿದರೆ ಮಾತು ತೆರೆದುಕೊಳ್ಳುತ್ತದೆ. ಯಾರೂ ಒತ್ತುವುದಿಲ್ಲ.

ಪುಷ್ಪಲತಾ ಕೆಲಸಕ್ಕೆ ಕೂರುತ್ತಿದ್ದದ್ದು ಇಸಾಕಸಾಬರ ಸೈಬರ್ ಸೆಂಟರಿನಲ್ಲಿ. ಮೊದಲು ಅದು ಎಸ್‌ಟಿಡಿ ಬೂತಾಗಿತ್ತು. ಎಲ್ಲರ ಕಿಸೆಗೂ ಮೊಬೈಲು ಬಂದ ಮೇಲೆ ಇಸಾಕಸಾಬರು ಗಾಜಿನ ಗೂಡು ಕೀಳಿಸಿ ಕಂಪ್ಯೂಟರು ಹಾಕಿಸಿದ್ದರು. ಸಂತೆಗೆ ಬರುವ ಹಳ್ಳಿಯವರಿಗೆ ಕೀಲಿಮಣೆ ಬರುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳುವುದು, ಇವಳು ಒತ್ತುವುದು. ಅವರ ಹೆಸರಿನಲ್ಲಿ ಅಗಸಿಗೆ ಸೇರಿಸಿದವಳೂ ಇವಳೇ. ಪಾಸ್‌ವರ್ಡು ಮರೆತು ಹೋಗಬಾರದೆಂದು ಅವರವರ ಊರಿನ ಹೆಸರನ್ನೇ ಇಟ್ಟಿದ್ದಳು. ಕುರಿಗೆ ಬಾಯಿಬೇನೆ ಬಂದಿದೆ, ಏನು ಮಾಡಲಿ ಎಂದು ಎರ್ರಮ್ಮ ಕೇಳಿಸಿದ ದಿನ ಸಂಜೆಯೊಳಗೆ ಹಡಗಲಿಯ ದನದ ಡಾಕ್ಟರೊಬ್ಬರು ಉತ್ತರ ಬರೆದಿದ್ದರು. ಓಟು ಬಿದ್ದೂ ಬಿದ್ದೂ ಆ ಉತ್ತರ ಎಷ್ಟೋ ವಾರ ನೆತ್ತಿಯ ಮೇಲೇ ಕೂತಿತ್ತು. ಎರ್ರಮ್ಮನ ಹೆಸರು ಕೇಳದ ಊರುಗಳಲ್ಲೂ ಕುರಿ ಉಳಿದವು.

ಓಟಿನ ಮಾತು ಬಂದಾಗ ಮೊದಲು ಕೈ ಚೆಲ್ಲಿದವನು ಉಜ್ಜಿನಿಯ ಜಂಬಣ್ಣ.

“ಅದನ್ನೂ ನೀನ ಒತ್ತಿಬಿಡವ್ವಾ. ಓದಿದಾಕಿ ನೀನು.”

“ಹಂಗಲ್ರಿ, ನಿಮಗ ಯಾವುದು ಸರಿ ಅನಸ್ತೈತಿ ಅದನ್ನ ಹೇಳ್ರಿ.”

“ನನಗ ಅನಿಸಿದ್ದು ಹೇಳಕೋಂತ ಕುಂತ್ರ ಬಸ್ಸು ಹೊಕ್ಕೈತಿ.”

ಅವನನ್ನು ನೋಡಿ ಉಳಿದವರೂ ಹಾಗೆಯೇ ಅಂದರು. ಒಬ್ಬೊಬ್ಬರದಾಗಿ ಮೂವತ್ತಕ್ಕೂ ಮಿಕ್ಕಿ ಓಟುಗಳು ಅವಳ ಬೆರಳಿಗೆ ಬಂದು ಸೇರಿದವು. ಅವಳು ಅವನ್ನು ಮನಸ್ಸಿಟ್ಟು ಬಳಸಿದಳು. ಮಳೆಯ ಸುದ್ದಿ, ಈರುಳ್ಳಿ ಧಾರಣೆ, ಯಾವ ಡಾಕ್ಟರು ಯಾವತ್ತು ಕೂರುತ್ತಾರೆ, ಇಂಥವನ್ನು ಮೇಲಕ್ಕೆ ತಳ್ಳಿದಳು. ಕೂಡ್ಲಿಗಿ ಕಡೆಯ ಒಬ್ಬ ಶಾಲೆಯ ಟೀಚರಮ್ಮನ ಬಗ್ಗೆ ಹೊಲಸು ಬರೆದಾಗ ಎಲ್ಲರ ಹೆಸರಿನಿಂದಲೂ ಕೆಳಗಿನ ಬಾಣ ಒತ್ತಿ ಅವನ ಮಾತನ್ನು ಮಡಚಿಟ್ಟಳು. ಅವತ್ತು ರೊಟ್ಟಿ ತಟ್ಟುವಾಗ ಕೈಗೇ ಒಂದು ಹುರುಪು ಬಂದಿತ್ತು.

ಈಗ ಅದೇ ಕೈ ಪುಟವನ್ನು ಮತ್ತೆ ತೆರೆಯಿತು. ಇಪ್ಪತ್ತಮೂರು.

ಸಂಜೆ ಕೊಟ್ರಸ್ವಾಮಿ ಹಿತ್ತಲ ಕಲ್ಲಿನ ಮೇಲೆ ಕೂತು ಸೋಪಿನ ಪುಡಿಯಿಂದ ಕೈಯ ಗ್ರೀಸು ತೊಳೆಯುತ್ತಿದ್ದ. ಪುಷ್ಪಲತಾ ತಂಬಿಗೆಯಿಂದ ನೀರು ಹನಿಸುತ್ತ ವಿಷಯ ಹೇಳಿದಳು. ಅವನ ಕೈ ಉಜ್ಜುವುದು ನಿಲ್ಲಲಿಲ್ಲ.

“ಯಾವನು ಬರದಾನ?”

“ಹೆಸರಿಲ್ಲ. ಒಗ್ಗರಣಿ ಅಂತ ಇಟಗೊಂಡಾರ.”

“ಒಗ್ಗರಣಿ.” ಅವನು ನಗಲು ನೋಡಿದ. “ಹೆಸರು ಹೇಳಾಕ ಮುಖ ಇಲ್ಲದವನ ಮಾತಿಗೆ ಇಪ್ಪತ್ತು ಮಂದಿ ಹೌದಪ್ಪಾ ಅಂದಾರಂತ. ಅವ್ರೆಲ್ಲ ನನ್ನ ಅಂಗಡಿ ನೋಡ್ಯಾರೇನು?”

“ನೋಡಬೇಕಂತೇನಿಲ್ರಿ. ಓದತಾರ, ಒತ್ತತಾರ.”

“ಚಲೋ ಪಂಚಾಯ್ತಿ ಬಿಡು. ಕರಿಯೂದಿಲ್ಲ, ಕೇಳೂದಿಲ್ಲ.”

ನೀರು ಮುಗಿದಿತ್ತು. ಖಾಲಿ ತಂಬಿಗೆ ಹಿಡಿದುಕೊಂಡೇ ಅವಳು ಕೇಳಿದಳು: “ಅಂಥದ್ದು ಹಾಕಿಲ್ಲಲ್ರೀ ನೀವು?”

ಅವನ ಕೈ ಆಗ ನಿಂತಿತು.

“ನೀನೂ ಓಟು ಹಾಕಾಕತ್ತಿಯೇನು?”

ಅಷ್ಟೇ. ಆಮೇಲೆ ತಾನೇ ಬಡಿಸಿಕೊಂಡು ಉಂಡು, ಹೊರಗೆ ಚಾಪೆ ಹಾಸಿಕೊಂಡು ಮಲಗಿದ.

ಮರುದಿನ ಅವಳು ಬುತ್ತಿ ಕೊಡಲು ಅಂಗಡಿಗೆ ಹೋದಾಗ ಬಾಗಿಲ ಮುಂದೆ ಒಂದು ಟೆಂಪೋ ನಿಂತಿತ್ತು. ಹ್ಯಾಳ್ಯದ ಇಬ್ಬರು ತಮ್ಮ ಮೋಟಾರನ್ನು, ಇನ್ನೂ ಬಿಚ್ಚದೆ ಇದ್ದದ್ದನ್ನು, ಹಿಂದಕ್ಕೆ ಒಯ್ಯುತ್ತಿದ್ದರು. ಅವರಲ್ಲಿ ದೊಡ್ಡವನು ಕೊಟ್ರಸ್ವಾಮಿಯ ಮುಖ ನೋಡದೆ ಗೋಡೆಗೆ ಹೇಳಿದ: “ನಮ್ಮ ಅಳಿಯ ಹೊಸಪೇಟಿಗೇ ತರ್ರಿ ಅಂದಾನ್ರಿ. ಅಲ್ಲಿ ಯಾರೋ ಪರಿಚಯ ಅದಾರಂತ.”

“ಒಯ್ರಿ, ಅದಕ್ಕೇನಂತ,” ಅಂದ ಕೊಟ್ರಸ್ವಾಮಿ. ಮೋಟಾರು ಇಬ್ಬರ ಕೈಗೆ ಮಿಕ್ಕುವ ಭಾರ ಇತ್ತು. ಅವನೇ ಒಂದು ತುದಿ ಹಿಡಿದು ಎತ್ತಿ ಟೆಂಪೋಕ್ಕೆ ಹಾಕಿದ. ಧೂಳು ಹಾರಿ ಅಡಗುವ ತನಕ ಅಲ್ಲೇ ನಿಂತಿದ್ದ. ಆಮೇಲೆ ಬುತ್ತಿ ಇಸಿದುಕೊಂಡು, ಬಿಚ್ಚದೆ, ಬೆಂಚಿನ ಕೆಳಗೆ ಇಟ್ಟ.

ಪುಷ್ಪಲತಾ ಸೆಂಟರಿಗೆ ಬಂದು ಕುರ್ಚಿ ಎಳೆದುಕೊಂಡಳು. ಇಪ್ಪತ್ತನಾಲ್ಕು.

ಅವಳು ಹೆಚ್ಚು ಯೋಚಿಸಲಿಲ್ಲ. ಯೋಚಿಸಿದ್ದರೆ ಉತ್ತರಗಳನ್ನಾದರೂ ಓದುತ್ತಿದ್ದಳು. ಕಣ್ಣು ಸಂಖ್ಯೆ ಬಿಟ್ಟು ಕದಲಲಿಲ್ಲ. ಮೊದಲು ತನ್ನ ಹೆಸರಿನಿಂದ ಕೆಳಗಿನ ಬಾಣ ಒತ್ತಿದಳು. ಹೊರಬಂದು ಜಂಬಣ್ಣನ ಹೆಸರಿನಿಂದ ಒಳಹೋದಳು. ಉಜ್ಜಿನಿ. ಒತ್ತಿದಳು. ಎರ್ರಮ್ಮ, ಚಿರಿಬಿ. ಅಂಜಿನಕ್ಕ, ತೂಲಹಳ್ಳಿ. ಹ್ಯಾಳ್ಯ, ಮೈಲಾರ, ಉಚ್ಚಂಗಿದುರ್ಗ. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ಕೂಗಿದ ಹಾಗೆ ಊರುಗಳು ಅವಳ ಬೆರಳಿನಿಂದ ಒಂದರ ಹಿಂದೊಂದು ಹೊರಬಿದ್ದವು.

ಗಲ್ಲಾದ ಹಿಂದೆ ಕೂತಿದ್ದ ಇಸಾಕಸಾಬರು ಕನ್ನಡಕದ ಮೇಲಿಂದ ನೋಡಿದರು.

“ಏನು ಪುಷ್ಪವ್ವ, ಗಿರಾಕಿ ಒಬ್ರೂ ಇಲ್ಲ, ಕೈ ಮಾತ್ರ ನಿಂದ್ರವಲ್ದಲ್ಲ.”

“ಹಳೇದು ಒಂದಿಷ್ಟು ಬಾಕಿ ಇತ್ರಿ ಚಾಚಾ.”

“ಮುಗಸು ಮುಗಸು. ಕರೆಂಟು ಹೋದ್ರ ಮತ್ತ ನಾಳಿಗೇ.”

ಕರೆಂಟು ಹೋಗಲಿಲ್ಲ. ಸಂಖ್ಯೆ ಸೊನ್ನೆಗೆ ಬಂತು, ಸೊನ್ನೆ ದಾಟಿತು. ಕೊನೆಯ ಹೆಸರು ಮುಗಿದಾಗ ಮೈನಸ್ ಹನ್ನೆರಡು. ಪುಟ ಮತ್ತೆ ಇಳಿದು ಬಂದಾಗ ಒಗ್ಗರಣಿಯ ಮಾತು ಇದ್ದ ಕಡೆ ಒಂದು ಬೂದು ಗೆರೆ. ಎಷ್ಟು ಸಪ್ಪಳವಿಲ್ಲದೆ ಆಯಿತು ಅದು. ಮೂವತ್ತೈದು ಮಂದಿ ತಮ್ಮ ತಮ್ಮ ಊರಿನಲ್ಲಿ ಹುಲ್ಲು ಕೊಯ್ಯುತ್ತಲೋ ಕಟ್ಟೆಗೆ ಕೂತು ಎಲೆ ಮಡಿಸುತ್ತಲೋ ಇದ್ದರು. ಒಬ್ಬರ ಬಾಯಿಯ ಮೇಲೆ ಕೈ ಇಟ್ಟು ಮುಚ್ಚಿದೆವೆಂದು ಅವರಿಗೆ ಗೊತ್ತೇ ಇರಲಿಲ್ಲ. ಪುಷ್ಪಲತಾ ಎದ್ದು ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು.

ಆದರೆ ಅಂಗಡಿಗೆ ಮತ್ತೆ ಮೋಟಾರು ಬರತೊಡಗಿದವು. ಕಾಣದ ಮಾತನ್ನು ಜನ ಬೇಗ ಮರೆತರು. ಕೊಟ್ರಸ್ವಾಮಿ ಒಂದು ಸಂಜೆ ತಾನಾಗಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚುತ್ತ “ನಿನ್ನ ಒಗ್ಗರಣಿ ಏನಂತಾನ?” ಎಂದು ಕೇಳಿದ. “ಸುಮ್ಮಾಗ್ಯಾನ,” ಅಂದಳು ಅವಳು. ಅವನು ತಲೆಯಾಡಿಸಿದ. ತಾನು ಮಾಡಿದ್ದನ್ನು ಅವಳು ಹೇಳಲಿಲ್ಲ.

ಮುಂದಿನ ಸಂತೆಗೆ ಜಂಬಣ್ಣ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟವೆಲ್ಲಿನಿಂದ ಬೆಂಚು ಒರೆಸಿ, ಅವಳ ಪಕ್ಕ ಕೂತ. ಅವನ ಕಿರುಬೆರಳಿಗೆ ಒಂದು ತುಂಡು ತಂತಿ ಸುತ್ತಿಕೊಂಡಿತ್ತು.

“ಒಂದು ಪ್ರಶ್ನಿ ಬರಿಯವ್ವಾ. ಸುತ್ತಿಸಿದ ಮೋಟಾರು ತಿಂಗಳು ತುಂಬೂದರಾಗ ಸುಟ್ಟೈತಿ. ಮತ್ತ ಬೋರಿಂದ ಎತ್ತಿಸಿದ್ವಿ. ತಂತಿ ಕಡದು ನೋಡಿದ್ರ ಮ್ಯಾಲ ಕೆಂಪು, ಒಳಗ ಬೆಳ್ಳಗ ಐತಿ. ಯಾರಿಗಾರ ಹಿಂಗ ಆಗೈತೇನು, ಅಂತ ಕೇಳು.”

ಅವನು ತಂತಿ ಬಿಚ್ಚಿ ಅವಳ ಮುಂದೆ ಹಿಡಿದ. ಓರೆಯಾಗಿ ಕತ್ತರಿಸಿದ ತುದಿ ಬೆಳ್ಳಿಯ ಮೂಗುಬೊಟ್ಟಿನ ಹಾಗೆ ಮಿನುಗಿತು.

“ಎಲ್ಲಿ ಸುತ್ತಿಸಿದ್ರಿ?” ಗೊತ್ತಿದ್ದೂ ಕೇಳಿದಳು.

“ಇನ್ನೆಲ್ಲಿ, ನಿಮ್ಮನಿಯವರ ಕಡಿಗೆ. ಅದನ್ನ ಬರೀಬ್ಯಾಡ ಮತ್ತ. ಕೊಟ್ರಸ್ವಾಮಿ ಹಂಥಾವಲ್ಲ. ಏನೋ ಆಗೈತಿ, ಏನಂತ ತಿಳೀವಲ್ದು. ಅದಕ್ಕ ಅಗಸ್ಯಾಗ ಕೇಳಾಕತ್ತೀನಿ.”

ಅವಳು ಬರೆದಳು. ಅಕ್ಷರಗಳು ಎರಡೆರಡು ಸಲ ತಪ್ಪಿದವು.

“ಕುಂತಿರ್ತೀನಿ, ಉತ್ತರ ಬರಲಿ,” ಅಂದ ಜಂಬಣ್ಣ. “ಎರ್ರಮ್ಮನ ಕುರಿಗೆ ಸಂಜೀಕ ಬಂದಿತ್ತಲ್ಲ.”

ಅವನು ಕೂತ. ಎಲೆ ಹಾಕಿಕೊಂಡ. ಇಸಾಕಸಾಬರ ಜೊತೆ ಮೆಕ್ಕೆಜೋಳದ ಮಾತಾಡಿದ. ಬಹಳ ಹೊತ್ತಿಗೆ ಒಂದು ಉತ್ತರ ಬಂತು. ‘ಇಂಥದ್ದು ಮೊದಲು ಯಾರೂ ಹೇಳಿದ್ದು ನೋಡಿಲ್ಲ. ವೋಲ್ಟೇಜು ಕಮ್ಮಿ ಇದ್ದರೆ ಮೋಟಾರು ಸುಡುತ್ತದೆ. ತಂತಿಯ ತಪ್ಪಲ್ಲ.’ ನೋಡುತ್ತಿದ್ದ ಹಾಗೆ ಅದಕ್ಕೆ ಆರು ಓಟು ಬಿದ್ದವು.

“ಆರು ಮಂದಿ ಹೌದಂತಾರಲ್ಲ,” ಎಂದು ಜಂಬಣ್ಣ ಎದ್ದ. “ಹಂಗಾರ ಓಲ್ಟೇಜ ಇರಬೇಕು. ನಡಿ, ಮತ್ತ ನಿಮ್ಮನಿಯವರಿಗೇ ಸುತ್ತಾಕ ಹೇಳತೀನಿ. ಮೋಟಾರು ಹೊರಗ ಗಾಡ್ಯಾಗ ಐತಿ.”

ಅವನ ಬೆನ್ನು ಬಾಗಿಲು ದಾಟುವ ತನಕ ಅವಳು ಕಾದಳು. ಆಮೇಲೆ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಉರುಳಿಸಿ, ಬೂದು ಗೆರೆ ಹುಡುಕಿ ಒತ್ತಿದಳು.

ಒಗ್ಗರಣಿಯ ಮಾತಿನ ಕೆಳಗೆ ಉತ್ತರಗಳಿದ್ದವು. ಹಡಗಲಿಯ ಒಬ್ಬರು: ‘ನಮ್ಮದೂ ಹಿಂಗೇ ಆತು, ಆದರೆ ನಾವು ಸುತ್ತಿಸಿದ್ದು ಕೊಟ್ಟೂರಾಗಲ್ಲ.’ ಅದರ ಕೆಳಗೆ ಕೂಡ್ಲಿಗಿಯಲ್ಲಿ ಮೋಟಾರು ಸುತ್ತುವವನೊಬ್ಬ ಉದ್ದಕ್ಕೆ ಬರೆದಿದ್ದ. ಊರೂರು ತಿರುಗುವ ಒಬ್ಬ ಏಜೆಂಟ ಅಂಗಡಿ ಬಾಗಿಲಿಗೇ ತಂದು ಕೊಡುವ ತಂತಿ ಅದು, ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಮೇಲೆ ಕೆರೆದರೆ ತಿಳಿಯುವುದಿಲ್ಲ. ಕಡಿದು ನೋಡಬೇಕು, ಇಲ್ಲವೇ ಉಂಡೆ ಎತ್ತಿ ನೋಡಬೇಕು, ಹಗುರ ಇರುತ್ತದೆ. ‘ನಾನೂ ಮೋಸ ಹೋದೆ. ಸುತ್ತುವವರೆಲ್ಲ ನೋಡಿಕೊಳ್ರಿ. ಕೊಟ್ಟೂರಿನವರೊಬ್ಬರದೇ ತಪ್ಪಲ್ಲ.’

ಇವೆಲ್ಲ ಅವಳು ಮಡಚಿಡುವ ಮೊದಲೇ ಅಲ್ಲಿದ್ದವು. ಗಂಡನನ್ನು ಉಳಿಸುವ ಮಾತನ್ನೂ, ಗಂಡನ ಮೇಲಿನ ದೂರನ್ನೂ ಒಂದೇ ಮಡಿಕೆಯಲ್ಲಿ ಹಾಕಿ ಮುಚ್ಚಿದ್ದಳು. ಜಂಬಣ್ಣ ಕೇಳುತ್ತ ಕೂತ ಪ್ರಶ್ನೆಗೆ ಉತ್ತರ ಅದೇ ಪುಟದಲ್ಲಿತ್ತು. ಅದನ್ನು ಮುಚ್ಚಿದ ಓಟುಗಳಲ್ಲಿ ಜಂಬಣ್ಣನದೂ ಒಂದು.

ಅವಳು ಅಂಗಡಿಯ ಕಡೆ ಓಡು ನಡಿಗೆಯಲ್ಲಿ ಹೋದಳು. ಸಂತೆಯ ಮಂದಿ ದಾರಿ ಬಿಡಲಿಲ್ಲ. ಒಬ್ಬಳ ಬೆಳ್ಳುಳ್ಳಿ ಬುಟ್ಟಿಗೆ ಕಾಲು ತಾಗಿ ಬೈಸಿಕೊಂಡಳು. ಅಂಗಡಿಯಲ್ಲಿ ಜಂಬಣ್ಣನ ಮೋಟಾರು ಆಗಲೇ ಬೆಂಚಿನ ಮೇಲೆ ಏರಿತ್ತು. ಜಂಬಣ್ಣ ಇರಲಿಲ್ಲ. ಕೊಟ್ರಸ್ವಾಮಿ ತಂತಿಯ ಉಂಡೆಯನ್ನು ಗೂಟಕ್ಕೆ ಸಿಗಿಸುತ್ತಿದ್ದ.

“ಅದನ್ನ ಹಾಕಬ್ಯಾಡ್ರಿ.”

“ಯಾಕ?”

“ಕಡದು ನೋಡ್ರಿ.”

ಅವನು ಅವಳನ್ನೇ ನೋಡಿದ. ಕಟಿಂಗ್ ಪ್ಲೇಯರಿನಿಂದ ತುದಿಯನ್ನು ಓರೆಯಾಗಿ ಕತ್ತರಿಸಿ, ಬಾಗಿಲಿನ ಬೆಳಕಿಗೆ ಹಿಡಿದ. ಒಳಗೆ ಬೆಳ್ಳಗಿತ್ತು.

“ನಿಮಗ ಗೊತ್ತಿತ್ತೇನ್ರಿ?”

“ಇಲ್ಲ.” ಆಮೇಲೆ, ಉಂಡೆಯನ್ನು ಅಂಗೈಯಲ್ಲಿ ತೂಗುತ್ತ, “ಎತ್ತಿದಾಗ ಹಗುರ ಅನಿಸಿತ್ತು.”

“ಮತ್ತ?”

“ಹೊರಗ ಸಾಲುಗಟ್ಟಿ ಮೋಟಾರು ಕುಂತಿದ್ವು. ಹೊಲಕ್ಕ ನೀರಿಲ್ಲ, ಇವತ್ತು ಕೊಡು ನಾಳಿ ಕೊಡು ಅಂತ ಮಂದಿ. ಕೈಗೆ ಅನಿಸಿದ್ದನ್ನ ತಲಿಗೆ ಹತ್ತಿಸಿಕೊಳ್ಳಲಿಲ್ಲ.” ಅವನು ಉಂಡೆಯನ್ನು ಬೆಂಚಿನ ಮೇಲಿಟ್ಟ. “ಆ ಒಗ್ಗರಣಿ ಬರದದ್ದು ಖರೇನ ಇತ್ತು ಹಂಗಾರ. ಅವ ಯಾಕ ಸುಮ್ಮಾದ?”

“ಅವ ಸುಮ್ಮಾಗಿಲ್ಲ. ನಾ ಸುಮ್ಮ ಮಾಡಿದ್ದು.”

ಹೇಳಿದಳು. ಊರುಗಳ ಹೆಸರು, ಬಾಣ, ಮೈನಸ್ ಹನ್ನೆರಡು, ಎಲ್ಲ. ಅವನು ಕತ್ತರಿಸಿದ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿಸಿಕೊಂಡ.

“ಚಲೋ ಮಾಡಿದಿ,” ಅಂದ ಕೊನೆಗೆ. “ಮ್ಯಾಲ ಜಂಬಣ್ಣನ ಹೆಸರು, ಒಳಗ ನೀನು.”

ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಸೆಂಟರಿಗೆ ಮರಳಿ, ಒತ್ತಿದ್ದನ್ನೆಲ್ಲ ತಿರುಗಿಸಿ ಒತ್ತಿಬಿಡೋಣ ಎಂದು ಜಂಬಣ್ಣನ ಹೆಸರಿನಿಂದ ಒಳಹೋಗಲು ನೋಡಿದಳು. ಉಜ್ಜಿನಿ ಎಂದರೆ ಬಾಗಿಲು ತೆರೆಯಲಿಲ್ಲ. ಚಿರಿಬಿ ತೆರೆಯಲಿಲ್ಲ, ತೂಲಹಳ್ಳಿ ತೆರೆಯಲಿಲ್ಲ. ಅವಳದೇ ಹೆಸರು ಕೂಡ ತೆರೆಯಲಿಲ್ಲ. ಹರಪನಹಳ್ಳಿಗೆ ಫೋನು ಮಾಡಿದಳು.

“ನಾನೇ ಮಾಡೋಣ ಅಂತಿದ್ದೆ ಮೇಡಂ,” ಅಂದ ಸೋಮಶೇಖರ್. ಹಿಂದೆ ಝೆರಾಕ್ಸ್ ಯಂತ್ರ ಗರಗರ ಅನ್ನುತ್ತಿತ್ತು. “ಒಂದೇ ಸೆಂಟರಿಂದ ಮೂವತ್ತಾರು ಓಟು, ಒಂದರ ಬೆನ್ನಿಗೆ ಒಂದು. ಈಗಷ್ಟೇ ಕಣ್ಣಿಗೆ ಬಿತ್ತು, ಬೀಗ ಹಾಕಿದೆ. ಇವರೆಲ್ಲ ಮನುಷ್ಯರೋ, ಬರೀ ಹೆಸರೋ?”

“ಮನುಷ್ಯಾರ ಅದಾರ್ರೀ. ಬೇಕಾದ್ರ ಕರ್ಕೊಂಡು ಬಂದು ನಿಂದ್ರಸ್ತೀನಿ.”

“ಹಂಗಾದ್ರೆ ಇನ್ನೂ ಕಷ್ಟ. ಸುಳ್ಳು ಹೆಸರಾಗಿದ್ರೆ ಅಳಿಸಿ ಒಗೀತಿದ್ದೆ.”

“ಈಗ ಅಳಸ್ರಿ. ಒತ್ತಿದಾಕಿ ನಾನು, ನಾನ ಹೇಳಾಕತ್ತೀನಲ್ಲ.”

“ಅವರ ಓಟು ನಿಮ್ಮ ಮಾತು ಕೇಳಿ ನಾನು ಅಳಿಸಿದ್ರೆ, ನಿಮ್ಮ ಕೈಯಾಗಿದ್ದದ್ದು ನನ್ನ ಕೈಗೆ ಬಂದಂಗಾತು. ನಾಳೆ ನನ್ನನ್ನ ಯಾರು ಕೇಳ್ತಾರೆ?”

“ಓಟನ್ನ ತಗದುಬಿಡ್ರಿ ಹಂಗಾರ. ಯಾರಿಗೆ ಬೇಕಾಗೈತಿ ಈ ಬಾಣ.”

ಯಂತ್ರ ನಿಂತಿತು. “ಮೊದಲನೇ ವರ್ಷ ಓಟಿರಲಿಲ್ಲ, ನೆನಪೈತಾ? ಯಾವನು ಜಾಸ್ತಿ ಹೊತ್ತು ಕೂತು ಜಾಸ್ತಿ ಬೈತಾನೋ ಅವನದೇ ಅಗಸಿ. ಹೆಣ್ಣುಮಕ್ಕಳು ಒಬ್ರೂ ಈ ಕಡೆ ತಲೆ ಹಾಕ್ತಿರಲಿಲ್ಲ. ನೀವೂ ಬಂದಿದ್ದು ಬಾಣ ಬಂದ ಮೇಲೆ.”

ಅದು ನಿಜವಾಗಿತ್ತು.

“ಒಬ್ಬೊಬ್ಬರೇ ಬಂದು ಕೂರಲಿ,” ಅಂದ ಅವನು. “ಅಲ್ಲಿಂದ ನನಗೆ ಫೋನ್ ಮಾಡಿಸ್ರಿ. ಬೀಗ ತೆಗೀತೀನಿ. ಹೊಸ ಪಾಸ್‌ವರ್ಡು ಅವರೇ ಹಾಕಬೇಕು. ನಿಮಗೆ ಗೊತ್ತಾಗಬಾರದು.”

ಬಾಗಿಲಲ್ಲಿ ನೆರಳು ಬಿತ್ತು. ಕೊಟ್ರಸ್ವಾಮಿ ಬಂದಿದ್ದ, ಗ್ರೀಸು ಕೈಯನ್ನೂ ತೊಳೆಯದೆ. ಈ ಸೆಂಟರಿಗೆ ಅವನು ಕಾಲಿಟ್ಟದ್ದು ಅದೇ ಮೊದಲು.

“ನನಗೂ ಒಂದು ಹೆಸರು ಮಾಡಿಕೊಡು ಅದರಾಗ,” ಅಂದ. “ಒಗ್ಗರಣಿ ಗಿಗ್ಗರಣಿ ಬ್ಯಾಡ. ಇದ್ದ ಹೆಸರ ಇರಲಿ.”

ಜಂಬಣ್ಣನ ಪ್ರಶ್ನೆಯ ಕೆಳಗೆ ಅವನು ಹೇಳಿದ, ಅವಳು ಒತ್ತಿದಳು. ‘ಆ ತಂತಿ ಸುತ್ತಿದವನು ನಾನು, ಕೊಟ್ಟೂರಿನ ಕೊಟ್ರಸ್ವಾಮಿ. ತಾಮ್ರ ಅಂತ ತಗೊಂಡೆ, ಅದು ತಾಮ್ರ ಅಲ್ಲ. ಹಗುರ ಅನಿಸಿತ್ತು, ನೋಡಲಿಲ್ಲ. ಈ ಹಂಗಾಮಿನಲ್ಲಿ ನನ್ನ ಕಡೆ ಸುತ್ತಿಸಿದವರು ಮೋಟಾರು ತರ್ರಿ. ಬಿಚ್ಚಿ ಖರೆ ತಾಮ್ರ ಸುತ್ತಿಕೊಡ್ತೀನಿ.’

ಹೊಸ ಹೆಸರಿನ ಮಾತು ಪುಟದ ತಳಕ್ಕೆ ಹೋಗಿ ಕೂತಿತು. ನೆತ್ತಿಯ ಮೇಲೆ ವೋಲ್ಟೇಜಿನ ಉತ್ತರ ಹದಿನಾಲ್ಕು ಓಟು ಹೊತ್ತು ನಿಂತಿತ್ತು. ಸ್ವಲ್ಪ ಹೊತ್ತಿಗೆ ಕೊಟ್ರಸ್ವಾಮಿಯ ಮಾತಿನ ಪಕ್ಕದ ಸೊನ್ನೆ ಮೈನಸ್ ಒಂದಾಯಿತು.

“ಅದೇನದು?”

“ಯಾರೋ ಕೆಳಗ ಒತ್ಯಾರ.”

“ಯಾಕಂತ?”

“ಯಾಕಂತ ಹೇಳಬೇಕಂತಿಲ್ರಿ.”

ಅವನು ಬಾಗಿಲಿಗೆ ಒರಗಿ ನಿಂತ. ಹೋಗಲಿಲ್ಲ.

ಜಂಬಣ್ಣ ಸಂತೆ ಮುಗಿಸಿ, ಮೋಟಾರು ಕೇಳಲು ಅಂಗಡಿಗೆ ಹೋಗಿ, ಬಾಗಿಲು ಹಾಕಿದ್ದು ಕಂಡು ಇಲ್ಲಿಗೆ ಬಂದ. ಹಿಂದೆ ಎರ್ರಮ್ಮ ಇದ್ದಳು, ತಲೆಯ ಮೇಲೆ ಬುಟ್ಟಿ, ಬಸ್‌ಸ್ಟ್ಯಾಂಡಿನ ತನಕ ಜೊತೆ ಬೇಕೆಂದು. ಗಂಡ ಹೆಂಡತಿ ಇಬ್ಬರ ಮುಖವನ್ನೂ ಜಂಬಣ್ಣ ನೋಡಿದ.

“ಯಾರಿಗರ ಏನರ ಆಗೈತೇನು?”

“ನಿಮ್ಮ ಓಟು ನನ್ನ ಕೈಯಾಗ ಇತ್ತಲ್ರಿ,” ಅಂದಳು ಪುಷ್ಪಲತಾ. “ನೀವು ಕೇಳಿದ್ದಕ್ಕ ಉತ್ತರ ಮೊದಲ ಬಂದಿತ್ತು. ಅದನ್ನ ಮಡಚಿಟ್ಟಿದ್ದು ನಾನು. ನಿಮ್ಮ ಹೆಸರಿಲೆ.”

ಜಂಬಣ್ಣ ಬೆಂಚಿನ ಮೇಲೆ ಕೂತ. ಇಸಾಕಸಾಬರು ಪತ್ರಿಕೆ ಕೆಳಗಿಟ್ಟರು.

“ಅದರಾಗ ಏನಿತ್ತು?”

“ತಂತಿ ಖೊಟ್ಟಿ ಅಂತ ಇತ್ತು. ಇವರ ಅಂಗಡಿದು.”

“ಅದಕ್ಕ ಮಡಚಿದಿ.”

“ಹೂಂ.”

“ನನ್ನ ಹೆಸರಿಲೆ.”

“ಎಲ್ಲಾರ ಹೆಸರಿಲೆ.”

ಎರ್ರಮ್ಮ ಬುಟ್ಟಿ ಇಳಿಸಿದಳು. “ನಂದೂ ಏನ ಹುಡುಗಿ?” ಎಂದು ಕೇಳಿದಳು. ಪುಷ್ಪಲತಾ ಹೌದೆಂದು ತಲೆಯಾಡಿಸಿದಳು. ಎರ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಳು.

ಜಂಬಣ್ಣ ಕೊಟ್ರಸ್ವಾಮಿಯ ಕಡೆ ನೋಡಿದ. “ಮೋಟಾರು?”

“ಬಿಚ್ಚಿಟ್ಟೀನಿ. ಸುತ್ತಿಲ್ಲ. ನಾಳೆ ದಾವಣಗೇರಿಗೆ ಹೋಗಿ ನನ್ನ ಕಣ್ಣಿಲೆ ಕಡದು ನೋಡಿ ತಂತಿ ತರ್ತೀನಿ.”

“ಬೋರಾಗ ಇಳಸೂದು, ಎತ್ತೂದು, ಮತ್ತ ಇಳಸೂದು,” ಅಂದ ಜಂಬಣ್ಣ ಯಾರಿಗೂ ಅಲ್ಲದ ಹಾಗೆ. “ಮೂರು ಸಲ ಆತು.” ಆಮೇಲೆ ಎದ್ದ. “ಏಳವ್ವಾ ಪುಷ್ಪಾ. ಆ ಕುರ್ಚಿ ಬಿಡು.”

ಅವಳು ಎದ್ದು ಸರಿದಳು. ಅವನು ಕೂತ. ಫೋನಿನಲ್ಲಿ ಸೋಮಶೇಖರ್ ಹೇಳಿದ್ದನ್ನು ಜಂಬಣ್ಣ “ಹಾಂ, ಹಾಂ” ಎಂದು ಕೇಳಿಸಿಕೊಂಡ. ಹೊಸ ಪಾಸ್‌ವರ್ಡು ಹಾಕಬೇಕೆಂದಾಗ ಕೀಲಿಮಣೆಯನ್ನು ಮೇಲಿಂದ ಕೆಳಗೆ ನೋಡಿದ. “ಅಂಕಿ ನಡೀತಾವೇನು? ಅಂಕಿ ಬರ್ತಾವು ನನಗ.” ನಡೆಯುತ್ತವೆ ಎಂದಿರಬೇಕು. ಹೆಗಲ ಟವೆಲ್ಲು ತೆಗೆದು ಕೀಲಿಮಣೆಯ ಮೇಲೆ ಹೊದಿಸಿ, ಕೈ ಒಳಗೆ ತೂರಿಸಿದ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆ.

ಪುಷ್ಪಲತಾ ಗೋಡೆಯ ಕಡೆ ತಿರುಗಿದಳು. ಅಲ್ಲಿ ಒಂದು ಕ್ಯಾಲೆಂಡರು ಇತ್ತು, ಕಳೆದ ತಿಂಗಳಿನದು. ಬೆನ್ನ ಹಿಂದೆ ಟಕ್ ಅಂದಿತು. ಬಹಳ ಹೊತ್ತು ಬಿಟ್ಟು ಮತ್ತೊಮ್ಮೆ ಟಕ್. ಒಂದೊಂದು ಅಂಕಿಗೂ ಅವನು ಟವೆಲ್ಲು ಎತ್ತಿ ನೋಡುತ್ತಿದ್ದ ಹಾಗಿತ್ತು. ಇಷ್ಟು ದಿನ ಆ ಕೈಯ ಸದ್ದನ್ನೇ ಅವಳು ಕೇಳಿರಲಿಲ್ಲ.

“ತಿರುಗು. ಎಲ್ಲೈತಿ ಗೆರಿ, ತೋರಿಸು. ತೋರಿಸು ಅಷ್ಟ, ಮುಟ್ಟಬ್ಯಾಡ.”

ತೋರಿಸಿದಳು. ಅವನು ಗೆರೆಯನ್ನು ಒತ್ತಿದ. ಒಗ್ಗರಣಿಯ ಮಾತನ್ನು ಅಕ್ಷರ ಕೂಡಿಸಿ ಓದಿದ. ಇಲಿಯ ಬಾಲದಂಥ ತಂತಿಯ ಮೌಸನ್ನು ನೇಗಿಲು ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಮೇಲಿನ ಬಾಣ ಒತ್ತಿದ. ಅವನ ಹೆಸರಿನಲ್ಲಿ ಕೆಳಗೆ ಬಿದ್ದಿದ್ದ ಒಂದು ಹೋಗಿ ಮೇಲಕ್ಕೆ ಒಂದು ಬಂತು. ಒಂದು ಒತ್ತಿಗೆ ಎರಡು. ಪುಟ ಮೇಲಿನಿಂದ ಸಾಲು ಸಾಲಾಗಿ ಇಳಿಯಿತು. ಮೈನಸ್ ಹತ್ತು. ಬೂದು ಗೆರೆ ಇರಲಿಲ್ಲ. ಒಗ್ಗರಣಿ, ಹಡಗಲಿ, ಕೂಡ್ಲಿಗಿ, ಎಲ್ಲ ಮಾತೂ ಬಯಲಿಗೆ ಬಂದು ನಿಂತಿದ್ದವು, ಅವಳ ಗಂಡನ ಅಂಗಡಿಯ ಗುರುತಿನ ಸಮೇತ.

ಕೂಡ್ಲಿಗಿಯವನ ಮಾತನ್ನು ಜಂಬಣ್ಣ ಗಟ್ಟಿಯಾಗಿ ಓದಿದ. ಅದಕ್ಕೂ ಮೇಲಿನ ಬಾಣ ಒತ್ತಿದ. ಬಾಗಿಲಲ್ಲಿ ಕೊಟ್ರಸ್ವಾಮಿ ಕದಲದೆ ನಿಂತಿದ್ದ. ಪುಷ್ಪಲತಾ ತನ್ನ ಕೈಗಳನ್ನು ಹಿಂದೆ ಕಟ್ಟಿಕೊಂಡಳು.

“ಇನ್ನೊಂದೈತ್ರಿ,” ಅಂದಳು. “ನಿಮ್ಮ ಪ್ರಶ್ನಿ ಕೆಳಗ. ಇವರು ಬರದದ್ದು.”

ಜಂಬಣ್ಣ ಅದನ್ನು ಹುಡುಕಿ, ಓದಿ, ಪಕ್ಕದ ಮೈನಸ್ ಒಂದನ್ನು ನೋಡಿದ. ಪರದೆಯ ಮೇಲಿನ ಮೌಸಿನ ಗುರುತು ಮೇಲಿನ ಬಾಣದ ಹತ್ತಿರ ಹೋಯಿತು. ಕೆಳಗಿನದಕ್ಕೆ ಬಂತು. ಅಲ್ಲೂ ನಿಲ್ಲದೆ ಪುಟದ ಅಂಚಿಗೆ ಸರಿಯಿತು. ಅವನು ಮೌಸಿನ ಮೇಲಿಂದ ಕೈ ತೆಗೆದ.

“ಇದಕ್ಕ ಈಗಲ್ಲ,” ಅಂದ. “ಮೋಟಾರು ನೀರು ಎತ್ತಲಿ.”

“ಆತು,” ಅಂದ ಕೊಟ್ರಸ್ವಾಮಿ.

ಜಂಬಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಎರ್ರಮ್ಮಾ, ಬಾ. ಇನ್ನ ಮ್ಯಾಲೆ ನಮ್ಮದು ನಾವ ಒತ್ತಬೇಕಂತ.”

“ಬಸ್ಸು ಹೊಕ್ಕೈತಲ್ಲೋ.”

“ಹೋಗಲಿ ಬಾ.”

ಎರ್ರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಅವಳು ಕುರ್ಚಿಯ ತನಕ ಬರುವ ಮೊದಲೇ ಪುಷ್ಪಲತಾ ಗೋಡೆಯ ಕಡೆ ತಿರುಗಿ ನಿಂತಳು.